ಕೃಷ್ಣೆಯನ್ನು ಅರವತ್ತು ತುಂಡು ಮಾಡಿದ ವರ್ಷ

ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅಂಥ ಬಿಸಿಲಿನಲ್ಲಿ ನಮ್ಮ ಬಸ್ಸಿನ ಮುಂದಿನ ರಸ್ತೆ ಸೀದಾ ಹೋಗಿ ಕೆಂಪು ನೀರಿನೊಳಗೆ ಇಳಿದು ಮಾಯವಾಗಿತ್ತು. ಸೇತುವೆ ಎಲ್ಲಿ ಎಂದು ಕೇಳಿದೆ. ಕಂಡಕ್ಟರ್ ನೀರಿನತ್ತ ಕೈಮಾಡಿ, "ಅಲ್ಲೇ ಐತ್ರಿ, ಒಳಗ" ಅಂದ.

ನಾನು ರಾಯಬಾಗದಲ್ಲಿ ರೈಲಿಳಿಯಬೇಕಿತ್ತು. ನಿದ್ದೆಯಲ್ಲಿ ಮಿರಜಿನವರೆಗೆ ಹೋಗಿ, ಅಲ್ಲಿಂದ ಕಾಗವಾಡದ ಮೇಲೆ ಚಿಕ್ಕೋಡಿಗೆ ಹೊರಟಿದ್ದೆ. ಜನ ಬಸ್ಸಿನಿಂದಿಳಿದು ಚಹಾದಂಗಡಿಯ ನೆರಳಿನಲ್ಲಿ ನಿಂತು, ಪಕ್ಕದೂರಿನ ನೆಂಟರನ್ನು ನೋಡುವಂತೆ ನೀರನ್ನು ನೋಡುತ್ತಿದ್ದರು. ಕಬ್ಬಿನ ಗದ್ದೆಯೊಂದು ಸದ್ದಿಲ್ಲದೆ ಮುಳುಗುತ್ತಿತ್ತು. ಮಳೆಯೇ ಇಲ್ಲವಲ್ಲ ಎಂದೆ.

"ಮಳಿ ಮಹಾರಾಷ್ಟ್ರದಾಗ್ರಿ ಬಾಯಾರ," ಅಂದ ಚಹಾದವನು. "ನೀರ ನಮಗ."

ನಾನು ಕೋಲಾರ ಜಿಲ್ಲೆಯವಳು, ಶ್ರೀನಿವಾಸಪುರದ ಕಡೆಯವಳು. ನಮ್ಮಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆಗಳಿವೆ, ಅವು ವರ್ಷಗಟ್ಟಲೆ ಬಾಯಿ ತೆರೆದು ಕಾಯುತ್ತವೆ. ಕೆರೆ ತುಂಬಿ ಕೋಡಿ ಹರಿದರೆ ಊರಿಗೆ ಊರೇ ಹೋಗಿ ಅರಿಸಿನ ಕುಂಕುಮ ಚೆಲ್ಲಿ, ಕುರಿ ಕಡಿದು ಊಟ ಹಾಕುತ್ತಾರೆ. ಇಲ್ಲಿ "ಹೊಳಿ ಬಂತು" ಅನ್ನುತ್ತಾರೆ. ಹೊಳೆ ಮೊದಲಿಂದ ಇಲ್ಲೇ ಇದೆಯಲ್ಲ, ಬರುವುದೇನು ಎಂದು ನನಗೆ ಅರ್ಥವಾಗಿರಲಿಲ್ಲ. ಹೊಳೆ ಬಂತು ಅಂದರೆ ಮನೆಗೆ ಬಂತು ಎಂದು. ಆ ಮಾತು ಕೇಳಿದ ತಕ್ಷಣ ಮಂಚ, ಕಾಳಿನ ಚೀಲ, ಎಮ್ಮೆಯ ಕರು, ಎಲ್ಲ ಟ್ರಾಕ್ಟರಿನ ಮೇಲೆ ಏರುತ್ತವೆ.

ಚಿಕ್ಕೋಡಿಯ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿಗೆ ನಾನು ಸೇರಿದ್ದು ಪ್ಯಾರಲಲ್ ಕಂಪ್ಯೂಟಿಂಗ್ ಕಲಿಸಲು. ಒಂದೇ ಯಂತ್ರಕ್ಕೆ ಬಗೆಹರಿಯದ ದೊಡ್ಡ ಲೆಕ್ಕವನ್ನು ತುಂಡು ಮಾಡಿ ಹಲವು ಯಂತ್ರಗಳಿಗೆ ಹಂಚಿ ಒಟ್ಟಿಗೇ ಮಾಡಿಸುವ ವಿದ್ಯೆ ಅದು. ನಮ್ಮೂರಿನಲ್ಲಿ ಈ ಕೆಲಸದವರು ಯಾರೂ ಇಲ್ಲದ್ದರಿಂದ ಅಮ್ಮ ಕೇಳಿದವರಿಗೆಲ್ಲ "ಕಂಪ್ಯೂಟರ್ ಟೀಚರು" ಅನ್ನುತ್ತಿದ್ದಳು. ಅಷ್ಟು ಸಾಕು ಎಂದು ನಾನೂ ಸುಮ್ಮನಿದ್ದೆ.

ಚಿಕ್ಕೋಡಿಯಲ್ಲಿ ಮನೆ ಹುಡುಕುವುದು ಲೆಕ್ಕಕ್ಕಿಂತ ಕಷ್ಟವಾಯಿತು. ಬಾಗಿಲು ತೆಗೆದ ಹೆಂಗಸು ನನ್ನ ಹೆಸರು ಕೇಳುವ ಮುಂಚೆ, "ನೀವ ಯಾವ ಮಂದಿರಿ?" ಎಂದು ಕೇಳುತ್ತಿದ್ದಳು. ಮಂದಿ ಅಂದರೆ ಜನ. ಆದರೆ ಈ ಪ್ರಶ್ನೆಯಲ್ಲಿ ಅದರ ಅರ್ಥ ಜಾತಿ. ನಮ್ಮ ಕಡೆಯೂ ಕೇಳುತ್ತಾರೆ, ಮನೆದೇವರು ಯಾವುದು, ಯಾವ ಕಡೆ ಸಂಬಂಧ ಮಾಡಿದ್ದೀರಿ ಎಂದು ಸುತ್ತಿ ಬಳಸಿ. ಇಲ್ಲಿ ನೇರವಾಗಿ ಕೇಳಿ, ಉತ್ತರ ಕೇಳಿಸಿಕೊಂಡು, ಮುಗುಳ್ನಗುತ್ತಲೇ ಬಾಗಿಲು ಮುಚ್ಚುತ್ತಿದ್ದರು. ಮಾಂಸ ತಿನ್ನುವ ಮಂದಿ ಎಂದು ತಿಳಿದ ಮೇಲೆ ಒಬ್ಬಾಕೆ ನಾನು ಕೂತೆದ್ದ ಕುರ್ಚಿಯನ್ನು ನನ್ನೆದುರೇ ಒರೆಸಿದಳು.

ಸ್ಟಾಫ್ ರೂಮಿನಲ್ಲಿ ಮೊದಲ ದಿನ "ಎಲ್ಲರದ್ದೂ ತಿಂಡಿ ಆಯ್ತಾ?" ಎಂದು ಕೇಳಿದೆ. ಎಲ್ಲರೂ ನಕ್ಕರು. ಇಲ್ಲಿ ತಿಂಡಿ ಅಂದರೆ ತುರಿಕೆ. ತಿನ್ನುವುದಕ್ಕೆ ನಾಷ್ಟಾ ಅನ್ನಬೇಕು. ಆ ನಗು ಒಂದು ದಿನದ್ದಾಗಿದ್ದರೆ ನಾನೂ ನಕ್ಕು ಮರೆಯುತ್ತಿದ್ದೆ. ವಾರಗಟ್ಟಲೆ ಯಾರಾದರೂ ಒಬ್ಬರು ಬೆನ್ನು ಕೆರೆದುಕೊಳ್ಳುತ್ತ, "ಮ್ಯಾಡಂ, ತಿಂಡಿ ಭಾಳ ಆಗೈತ್ರಿ" ಅನ್ನುತ್ತಿದ್ದರು.

ಕೊನೆಗೆ ಮನೆ ಸಿಕ್ಕಿದ್ದು ಚಿಕ್ಕೋಡಿಯಿಂದ ಬಸ್ಸಿನಲ್ಲಿ ಅರ್ಧ ತಾಸು ದೂರದ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಮನೆಯ ಯಜಮಾನರು ಅಪ್ಪಾಸಾಹೇಬರು. ಕಬ್ಬಿನ ಹೊಲದ ಜೊತೆಗೆ, ಅಥಣಿಯ ಕಡೆಯಿಂದ ಕಡ್ಡಿ ತಂದು ನೆಟ್ಟ ದ್ರಾಕ್ಷಿ ತೋಟವೂ ಅವರದು. ಊರಿಗೆ ಅದೇ ಮೊದಲ ದ್ರಾಕ್ಷಿ. ಅವರ ಹೆಂಡತಿಯನ್ನು ಊರೆಲ್ಲ ವೈನಿ ಅನ್ನುತ್ತಿತ್ತು. ವೈನಿ ಮರಾಠಿಯ ಮಾತು, ಅತ್ತಿಗೆ ಎಂದು. ಅವರೂ ಮಂದಿ ಯಾವುದೆಂದು ಕೇಳಿದರು. ನಾನು ಹೇಳಿದೆ. ವೈನಿ ಸ್ವಲ್ಪ ಹೊತ್ತು ಯೋಚಿಸಿ, "ನಮ್ಮ ಮನ್ಯಾಗ ಇರೂತನಕ ಅದನ್ನ ತಿನ್ನಂಗಿಲ್ಲ. ಕಬೂಲ ಐತೇನು?" ಅಂದರು. ಕಬೂಲ ಎಂದೆ.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕಡಲೆಹಿಟ್ಟಿನ ಜುಣಕ, ಗಟ್ಟಿ ಮೊಸರು. ರುಚಿಯಾದ ಊಟ. ಆದರೆ ಮುದ್ದೆಯಿಲ್ಲದೆ ನನ್ನ ಹೊಟ್ಟೆ ತುಂಬಿದ್ದು ಹೊಟ್ಟೆಗೆ ಗೊತ್ತಾಗುತ್ತಿರಲಿಲ್ಲ. ಊರಿಂದ ತಂದ ರಾಗಿಹಿಟ್ಟಿನಲ್ಲಿ ಒಂದು ದಿನ ಮುದ್ದೆ ಕಟ್ಟಿದೆ. ವೈನಿ ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸಿದರು. "ಇದನ್ನ ನಮ್ಮ ಎಮ್ಮಿ ಸೈತ ಮೂಸಂಗಿಲ್ಲ ನೋಡ್ರಿ," ಅಂದರು. ಎಲ್ಲರೂ ನನ್ನ ಸುತ್ತ ನಿಂತು ನಾನು ನುಂಗುವುದನ್ನು ನೋಡಿದರು. ಅದೇ ವೈನಿ, ನನಗೆ ಜ್ವರ ಬಂದಾಗ ಮೂರು ದಿನ ನನ್ನ ತಲೆದಿಂಬಿನ ಹತ್ತಿರದಿಂದ ಏಳಲಿಲ್ಲ. ತಲೆಗೆ ಎಣ್ಣೆ ಒತ್ತಿದರು. ಆವತ್ತಿನಿಂದ ನಾನು ಆ ಮನೆಯ ತಂಗಿಯಾದೆ. ಈ ಎರಡನ್ನೂ ಮಾಡಿದವರು ಒಬ್ಬರೇ ಎಂದು ಹೇಳಿದರೆ ನಮ್ಮೂರಿನ ಗೆಳತಿಯರು ನಂಬುವುದಿಲ್ಲ.

ಮಂದಿ ಯಾವುದೆಂದು ಕೇಳದೆ ಇದ್ದವಳು ಮಾಯವ್ವ ಒಬ್ಬಳೇ. ಊರಿನಿಂದ ಸ್ವಲ್ಪ ಆಚೆ, ಹಳ್ಳದ ತಗ್ಗಿನಲ್ಲಿ, ಕುರಿಗಾರರ ಏಳೆಂಟು ಮನೆಗಳಿದ್ದವು. ಹೊಲಗಳ ನಡುವಿನ ಇಂಥ ಮನೆಗಳ ಗುಂಪಿಗೆ ಇಲ್ಲಿ ವಸ್ತಿ ಅನ್ನುತ್ತಾರೆ. ಮಾಯವ್ವ ಮತ್ತು ಅವಳ ಗಂಡ ಬೀರಪ್ಪ ಆ ವಸ್ತಿಯವರು. ಸುಗ್ಗಿಯಾದ ಮೇಲೆ ಅಪ್ಪಾಸಾಹೇಬರ ಹೊಲದಲ್ಲಿ ಅವರು ರಾತ್ರಿ ಕುರಿ ಕೂಡಿಸುತ್ತಿದ್ದರು. ಹೊಲಕ್ಕೆ ಗೊಬ್ಬರ, ಇವರಿಗೆ ಜೋಳ. ಮಾಯವ್ವ ನನ್ನನ್ನು ಮೊದಲ ಸಲ ನೋಡಿದಾಗ ಕೇಳಿದ್ದು, "ಊಟ ಆತೇನ್ರಿ ಯಕ್ಕಾ? ಭಾಳ ಸೊರಗೀರಿ" ಎಂದು.

ಅವರ ಮನೆಯಲ್ಲಿ ನಾನು ಕದ್ದು ಮಾಂಸ ತಿಂದೆ. ತಿಂಗಳುಗಳ ಮೇಲೆ ಖಾರದ ಸಾರು ನಾಲಿಗೆಗೆ ತಾಕಿದಾಗ ಕಣ್ಣಲ್ಲಿ ನೀರು ಬಂತು. ಬೀರಪ್ಪ ಸಣ್ಣ ಆಳು, ಮಾತಾಡಿದರೆ ಕೆನ್ನೆ ಕುಣಿಯುತ್ತಿದ್ದವು. "ಹೋಗೂಮುಂದ ಹಸೀ ಉಳ್ಳಾಗಡ್ಡಿ ತಿಂದ ಹೋಗ್ರಿ. ವಾಸನಿ ಬಂದ್ರ ವೈನಿ ಉಳ್ಳಾಗಡ್ಡಿಗೇ ಬೈಲಿ," ಅಂದ.

ಕಾಲೇಜಿನಲ್ಲಿ ನನ್ನ ವಿಷಯವನ್ನು ಹುಣಸೆಹಣ್ಣಿನಿಂದ ಶುರು ಮಾಡುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹುಣಸೆ ಕುಟ್ಟಿ ಬೀಜ ತೆಗೆಯುತ್ತಾರೆ. ಒಬ್ಬಳೇ ಕೂತರೆ ತಿಂಗಳಾದರೂ ಮುಗಿಯದು, ಕೇರಿಯ ಹೆಂಗಸರೆಲ್ಲ ಕೂತರೆ ಎರಡು ದಿನ. ಒಬ್ಬರ ರಾಶಿಗೂ ಇನ್ನೊಬ್ಬರ ರಾಶಿಗೂ ಸಂಬಂಧವಿಲ್ಲ. ಇಂಥ ಲೆಕ್ಕವನ್ನು ಹಂಚುವುದು ಸುಲಭ. ಹೊಳೆ ಹಾಗಲ್ಲ. ಹೊಳೆಯನ್ನು ತುಂಡು ಮಾಡಿ ಒಂದೊಂದು ತುಂಡನ್ನು ಒಂದೊಂದು ಕಂಪ್ಯೂಟರಿಗೆ ಕೊಟ್ಟರೆ, ಪ್ರತಿಯೊಂದೂ ತನ್ನ ಅಂಚಿನಲ್ಲಿ ನೀರು ಎಷ್ಟಿದೆ ಎಂದು ಪಕ್ಕದ್ದಕ್ಕೆ ಹೇಳಬೇಕು, ಪಕ್ಕದ್ದು ಹೇಳಿದ್ದನ್ನು ಕೇಳಬೇಕು, ಆಮೇಲೆ ಮುಂದಿನ ಹೆಜ್ಜೆ. ಒಂದು ತಡ ಮಾಡಿದರೆ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ. ಒಂದು ತಪ್ಪು ಹೇಳಿದರೆ ಆ ತಪ್ಪು ಎಲ್ಲದರೊಳಗೆ ಹರಿಯುತ್ತದೆ.

ಈ ಪಾಠ ಕೇಳಿದ ಮೇಲೆ ವಿದ್ಯಾರ್ಥಿಗಳೇ ಕೇಳಿದರು, ನಮ್ಮ ಹೊಳಿನ ಯಾಕ ಮಾಡಬಾರದ್ರಿ ಎಂದು. ಪ್ರತಿಯೊಬ್ಬರ ಮನೆಯಲ್ಲೂ ನೆರೆಯ ಕಥೆಯಿತ್ತು. ಲ್ಯಾಬಿನಲ್ಲಿ ಅರವತ್ತು ಕಂಪ್ಯೂಟರುಗಳಿದ್ದವು, ತರಗತಿ ಮುಗಿದ ಮೇಲೆ ಸುಮ್ಮನಿರುತ್ತಿದ್ದವು. ಭೋಜದ ಕಡೆಯಿಂದ ಬರುವ ದೂಧಗಂಗೆಯನ್ನೂ ಸೇರಿಸಿ, ಸತ್ತಿ ಎಂಬ ಊರಿನವರೆಗಿನ ಕೃಷ್ಣೆಯನ್ನು ಅರವತ್ತು ತುಂಡು ಮಾಡಿದೆವು. ನೆಲದ ಎತ್ತರದ ಅಂಕಿ, ಹಿಂದಿನ ನೆರೆಗಳ ನೀರಿನ ಮಟ್ಟ, ಇವನ್ನು ಸರಕಾರಿ ಕಚೇರಿಯವರು ಕೊಟ್ಟರು. ಕರೆಂಟು ಹೋಗಿ, ಯಂತ್ರಗಳು ಒಂದನ್ನೊಂದು ಕಾಯುತ್ತ ನಿಂತು, ಮಳೆಗಾಲದಿಂದ ಮಳೆಗಾಲದವರೆಗೆ ತಿಣುಕಿದೆವು. ಒಂದು ದಿನ ಪರದೆಯ ಮೇಲೆ ಹಳೆಯ ನೆರೆಯೊಂದು ಹಾಗೇ ಎದ್ದು ಬಂತು. ನಿಪ್ಪಾಣಿಯ ಹುಡುಗಿಯೊಬ್ಬಳು ತನ್ನ ಸೋದರಮಾವನ ಮನೆ ಮುಳುಗುವುದನ್ನು ಬೆರಳಿಟ್ಟು ತೋರಿಸಿದಳು. ಆವತ್ತು ಸ್ಟಾಫ್ ರೂಮಿನಲ್ಲಿ ಯಾರೂ ಬೆನ್ನು ಕೆರೆದುಕೊಳ್ಳಲಿಲ್ಲ. ಪ್ರಾಚಾರ್ಯರು ಪೇಢೆ ತರಿಸಿದರು.

ನಾನಿದ್ದ ದಂಡೆಯ ಊರಿಗೂ ಒಂದು ಲೆಕ್ಕ ಮಾಡಿದೆ. ಅಲ್ಲಿ ಏರಿಸಿ ಕಟ್ಟಿದ ಒಂದು ರಸ್ತೆಯಿತ್ತು. ಅದರ ಈಚೆ ಅಪ್ಪಾಸಾಹೇಬರ ದ್ರಾಕ್ಷಿ, ಆಚೆ ತಗ್ಗಿನಲ್ಲಿ ವಸ್ತಿ. ಹೊಳೆ ಏರಿದಾಗ ನೀರು ಹಳ್ಳದ ಮೂಲಕ ಹಿಂದೆ ಬಂದು ಮೊದಲು ವಸ್ತಿಗೆ ನುಗ್ಗುತ್ತಿತ್ತು, ಆಮೇಲೆ ರಸ್ತೆಯ ಕೆಳಗಿನ ಮೋರಿಗಳ ಮೂಲಕ ದ್ರಾಕ್ಷಿಯತ್ತ ಸ್ವಲ್ಪ ಸರಿಯುತ್ತಿತ್ತು. ರಸ್ತೆಯನ್ನು ಎಲ್ಲಿ ಒಡೆಯಬೇಕು, ಯಾವ ಮೋರಿ ತೆರೆಯಬೇಕು, ಯಾವುದು ಮುಚ್ಚಬೇಕು? ಇಂಥ ಹತ್ತು ಜಾಗಗಳಿದ್ದರೆ ಸಾವಿರಕ್ಕೂ ಹೆಚ್ಚು ಬಗೆಗಳಾಗುತ್ತವೆ. ಇದು ಹುಣಸೆಹಣ್ಣಿನ ಲೆಕ್ಕ. ಒಂದೊಂದು ಬಗೆಯನ್ನು ಒಂದೊಂದು ಯಂತ್ರ ತನ್ನ ಪಾಡಿಗೆ ಮಾಡಬಹುದು. ಎಲ್ಲ ಮುಗಿದಾಗ ಉತ್ತರ ಸ್ಪಷ್ಟವಾಗಿತ್ತು. ಮೋರಿಗಳನ್ನು ತೆರೆದಿಟ್ಟು, ರಸ್ತೆಯನ್ನು ವಸ್ತಿಗಿಂತ ಮೊದಲಿನ ಒಂದು ಜಾಗದಲ್ಲಿ ಒಡೆದರೆ ನೀರು ಅತ್ತ ತಿರುಗಿ ವಸ್ತಿ ಒಣಗಿರುತ್ತದೆ, ದ್ರಾಕ್ಷಿಯಲ್ಲಿ ಮೊಣಕಾಲ ನೀರು ಕೆಲವು ದಿನ ನಿಲ್ಲುತ್ತದೆ. ಮೋರಿಗಳನ್ನು ಮುಚ್ಚಿದರೆ ದ್ರಾಕ್ಷಿಗೆ ಹನಿ ನೀರಿಲ್ಲ, ವಸ್ತಿಯಲ್ಲಿ ಆಳು ಮುಳುಗುವಷ್ಟು.

ಇದನ್ನು ನಾನು ಮನೆಯಲ್ಲಿ ಗುಟ್ಟಾಗಿ ಹೇಳಲಿಲ್ಲ. ಪಂಚಾಯಿತಿಯ ಹಾಲಿನಲ್ಲಿ, ಊರವರು, ವಸ್ತಿಯವರು, ಅಧಿಕಾರಿಯೊಬ್ಬರು ಎಲ್ಲ ಕೂತಿರುವಾಗ ಗೋಡೆಯ ಮೇಲೆ ತೋರಿಸಿದೆ. ನನ್ನ ಕನ್ನಡ ಎಲ್ಲರಿಗೂ ತಿಳಿಯಲಿಲ್ಲ. ಅಪ್ಪಾಸಾಹೇಬರೇ ಎದ್ದು ನಿಂತರು. "ನಮ್ಮ ತಂಗಿ ಹೇಳೂದ ಇಷ್ಟ. ರಸ್ತೆ ಒಡದ್ರ ವಸ್ತಿಗೆ ನೀರ ಬರೂದಿಲ್ಲ. ನನ್ನ ದ್ರಾಕ್ಷಿ ಹೋದ್ರ ಹೋಗ್ಲಿ, ಮನಷ್ಯಾರಿಗಿಂತ ದೊಡ್ಡದೇನಲ್ಲ. ಹೊಳಿ ಬಂದ ದಿನ ನಾನ ನಿಂತ ಒಡಸ್ತೇನಿ." ಜನ ಚಪ್ಪಾಳೆ ತಟ್ಟಿದರು. ಅಧಿಕಾರಿ ಎದ್ದು ಅವರ ಕೈ ಕುಲುಕಿದರು. ನನಗೂ ಎದೆಯುಬ್ಬಿತು. ನಾನು ಈ ಊರಿನವಳು ಎಂದು ಮೊದಲ ಸಲ ಅನ್ನಿಸಿದ್ದು ಆವತ್ತು.

ಹೊರಗೆ ಬೀರಪ್ಪ ಕಾಯುತ್ತಿದ್ದ. ಹಿಂದಿನ ವರ್ಷಗಳಲ್ಲಿ ಹೊಳೆ ಬಂದಾಗ ವಸ್ತಿಯವರು ನೀರಿನ ಬಣ್ಣ ನೋಡಿಯೇ ಎತ್ತರದಲ್ಲಿದ್ದ ಶಾಲೆಗೆ ಹೋಗಿಬಿಡುತ್ತಿದ್ದರು. ಶಾಲೆಯ ಅಂಗಳದಲ್ಲಿ ಕುರಿ ಬಿಡಲು ಕೊಡುತ್ತಿರಲಿಲ್ಲ. ರಸ್ತೆಯಲ್ಲಿ ಬಿಟ್ಟ ಕುರಿ ಕಳುವಾಗುತ್ತಿದ್ದವು.

"ಹಂಗಾರ ಈ ಸಲ ಸಾಲಿಗೆ ಹೋಗೂದ ಬ್ಯಾಡೇನ್ರಿ ಮ್ಯಾಡಂ?" ಅಂದ.

"ರಸ್ತೆ ಒಡೆದ್ರೆ ಬೇಡ ಬೀರಪ್ಪ," ಅಂದೆ.

ಅವನು ತಲೆಯಾಡಿಸಿ ಹೋದ.

ಆ ವರ್ಷವೂ ಹೊಳೆ ಬಿಸಿಲಿನಲ್ಲೇ ಬಂತು. ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬೆಳಿಗ್ಗೆಯೇ ಬಂದಿತ್ತು. ನಾನು ಲ್ಯಾಬಿನಲ್ಲಿದ್ದೆ. ಹೊಸ ಅಂಕಿ ಕೊಟ್ಟಂತೆಲ್ಲ ಅರವತ್ತು ಯಂತ್ರಗಳು ತಮ್ಮ ತಮ್ಮ ತುಂಡನ್ನು ಮುಂದಕ್ಕೊಯ್ಯುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ನೀರು ಆ ಊರಿನ ರಸ್ತೆಯ ಬುಡಕ್ಕೆ ಬರುತ್ತದೆ ಎಂದು ಗೊತ್ತಾಯಿತು. ಅಪ್ಪಾಸಾಹೇಬರಿಗೆ ಫೋನ್ ಮಾಡಿದೆ.

"ಜೆಸಿಬಿ ಬಂದೈತಿ ತಂಗಿ. ಕೆಲಸ ನಡದೈತಿ. ನೀ ಚಿಂತಿ ಮಾಡಬ್ಯಾಡ," ಅಂದರು.

ಮಾಯವ್ವನಿಗೂ ಮಾಡಿದೆ. ಜೆಸಿಬಿ ಬಂದಿದೆಯಂತೆ ಎಂದೆ.

"ಹೌದ್ರಿ ಯಕ್ಕಾ, ಸಪ್ಪಳ ಕೇಳಾಕತ್ತೈತಿ," ಅಂದಳು. ಅವಳ ದನಿಯಲ್ಲಿ ಭಯವಿರಲಿಲ್ಲ. ಹಿಂದಿನಿಂದ ಕುರಿಗಳ ಕೂಗು ಬರುತ್ತಿತ್ತು. ರಸ್ತೆ ಎತ್ತರದಲ್ಲಿದ್ದುದರಿಂದ ತಗ್ಗಿನಲ್ಲಿದ್ದವರಿಗೆ ಆಚೆಗೆ ಏನು ನಡೆಯುತ್ತಿದೆ ಎಂದು ಕಾಣುತ್ತಿರಲಿಲ್ಲ.

ನನ್ನ ಪರದೆಯ ಮೇಲೆ ಸುತ್ತೆಲ್ಲ ನೀಲಿ ಹರಡುತ್ತಿತ್ತು, ವಸ್ತಿ ಬೆಳ್ಳಗಿತ್ತು. ರಸ್ತೆ ಒಡೆದಿದೆ ಎಂದೇ ನಾನು ಯಂತ್ರಗಳಿಗೆ ಹೇಳಿದ್ದೆ. ಅವು ನಂಬಿದ್ದವು. ನಾನು ಆ ಬಿಳಿ ಚುಕ್ಕೆಯನ್ನು ನೋಡುತ್ತ ಚಹಾ ಕುಡಿದೆ.

ಸಂಜೆ ಹೊತ್ತಿಗೆ ವೈನಿಯ ಫೋನ್ ಬಂತು. "ತಂಗಿ, ಇವತ್ತ ಊರಿಗೆ ಬರಬ್ಯಾಡ. ಅಲ್ಲೇ ಯಾರ ಮನ್ಯಾಗರೆ ಉಳಿ," ಅಂದು ಇಟ್ಟುಬಿಟ್ಟರು. ಮಾಯವ್ವನ ಫೋನ್ ಹತ್ತುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಟ್ರಾಕ್ಟರಿನಲ್ಲಿ ನಿಂತು ಊರಿಗೆ ಹೋದೆ. ರಸ್ತೆ ಎಲ್ಲೂ ಒಡೆದಿರಲಿಲ್ಲ. ಮೋರಿಗಳ ಬಾಯಿಗೆ ಮರಳಿನ ಚೀಲ, ಅದರ ಮೇಲೆ ಜೆಸಿಬಿ ತುಂಬಿ ತುಳಿದ ಕೆಂಪು ಮಣ್ಣು. ಈಚೆಗೆ ದ್ರಾಕ್ಷಿ ಬಳ್ಳಿಗಳು ಬಿಸಿಲಿನಲ್ಲಿ ಎಲೆ ಆಡಿಸುತ್ತಿದ್ದವು, ಬುಡದ ಮಣ್ಣು ಒಣಗಿತ್ತು. ಆಚೆಗೆ ವಸ್ತಿಯ ತಗಡಿನ ಮಾಡುಗಳು ಮಾತ್ರ ನೀರಿನ ಮೇಲಿದ್ದವು. ಜನ ವಸ್ತಿಯ ಬೀರದೇವರ ಗುಡಿಯ ಸ್ಲ್ಯಾಬಿನ ಮೇಲೆ ಕೂತಿದ್ದರು. ದೋಣಿಯವರು ಇಳಿಸುತ್ತಿದ್ದರು. ಮಾಯವ್ವ ಇಳಿಯಲು ಒಪ್ಪುತ್ತಿರಲಿಲ್ಲ. ನೀರು ಒಮ್ಮೆಲೇ ಬಂದಾಗ ಬೀರಪ್ಪ ಎಲ್ಲರನ್ನೂ ಗುಡಿ ಹತ್ತಿಸಿ, ಕುರಿಗಳ ಸುತ್ತ ಕಟ್ಟಿದ್ದ ಬಲೆ ಬಿಚ್ಚಲು ಹಟ್ಟಿಗೆ ಹೋಗಿದ್ದನಂತೆ. ಬಲೆ ಬಿಚ್ಚಿದ್ದನ್ನು ಅವಳು ನೋಡಿದ್ದಳು. ಕುರಿಗಳು ಓಡಲಿಲ್ಲ. ಅವನನ್ನೇ ಸುತ್ತಿಕೊಂಡು ನಿಂತವು.

ನೀರು ಇಳಿದ ಮೇಲೆ ಅವನು ಕಬ್ಬಿನಲ್ಲಿ ಸಿಕ್ಕ. ಕುರಿಗಳು ಉಬ್ಬಿ ಸಾಲಾಗಿ ರಸ್ತೆಯ ಬುಡಕ್ಕೆ ಬಂದು ಬಿದ್ದಿದ್ದವು. ಅವನ್ನು ಹೂಳಲು ಗುಂಡಿ ತೆಗೆದದ್ದೂ ಅದೇ ಜೆಸಿಬಿ.

ಊರಿನಲ್ಲಿ ಯಾರೂ ಜಗಳವಾಡಲಿಲ್ಲ. ನಾನು ಕಾದೆ. ನಮ್ಮ ಕಡೆಯಾದರೆ ಇಂಥದ್ದಕ್ಕೆ ಒಂದು ಕಲ್ಲಾದರೂ ಬೀಳುತ್ತಿತ್ತು, ಅಥವಾ ಬೀಳುತ್ತಿತ್ತು ಎಂದು ನಾನು ಅಂದುಕೊಂಡಿದ್ದೆ. ಇಲ್ಲಿ ಚಹಾದಂಗಡಿಯಲ್ಲಿ ಹೇಳಿದ್ದು ಒಂದೇ ಮಾತು, "ಕಂಪ್ಯೂಟರ್ ತಪ್ಪ ಹೇಳ್ತು." ವಾರದೊಳಗೆ ಅದೇ ಮಾತು ಕಾಲೇಜಿಗೂ ಬಂತು. ನಾನು ಆ ದಿನದ ನಿಜವಾದ ನೀರಿನ ಮಟ್ಟವನ್ನು ತೆಗೆದುಕೊಂಡು, ಮೋರಿಗಳು ಮುಚ್ಚಿವೆ, ರಸ್ತೆ ಒಡೆದಿಲ್ಲ ಎಂದು ಹಾಕಿ ಲೆಕ್ಕವನ್ನು ಮತ್ತೆ ಓಡಿಸಿದೆ. ವಸ್ತಿಯ ಗೋಡೆಗಳ ಮೇಲೆ ಕೆಸರು ಬಿಟ್ಟಿದ್ದ ಗೆರೆಗೂ ಪರದೆಯ ಮೇಲಿನ ಅಂಕಿಗೂ ನಾಲ್ಕು ಬೆರಳಿನಷ್ಟೇ ವ್ಯತ್ಯಾಸವಿತ್ತು. ಅದನ್ನು ಪ್ರಾಚಾರ್ಯರಿಗೆ ತೋರಿಸಿದೆ.

ಅವರು ಬಹಳ ಹೊತ್ತು ನೋಡಿದರು. "ಛಲೋ ಮಾಡೀರಿ ಮ್ಯಾಡಂ," ಅಂದರು. "ಆದ್ರ ಇದನ್ನ ಹೊರಗ ತಗೀಬ್ಯಾಡ್ರಿ. ಅಂದಾಜ ಸ್ವಲ್ಪ ಹೆಚ್ಚುಕಡಿಮಿ ಆತು ಅಂತ ಹೇಳಿಬಿಡ್ರಿ. ಕಂಪ್ಯೂಟರಿಗೇನ ಮಾನ ಹೋಗತೈತೇನ್ರಿ?"

ಅಧಿಕಾರಿಯ ಹತ್ತಿರವೂ ಹೋದೆ. ಅವರು ನನ್ನನ್ನು ಕೂರಿಸಿ, ನೀರು ಕೊಟ್ಟು, ವಸ್ತಿಯವರು ಯಾರಾದರೂ ದೂರು ಕೊಟ್ಟರೆ ನೋಡೋಣ ಎಂದರು. ವಸ್ತಿಯವರು ಯಾರೂ ಕೊಡಲಿಲ್ಲ.

ಅಪ್ಪಾಸಾಹೇಬರನ್ನು ನಾನು ಕೇಳಿದ್ದು ಪಡಸಾಲೆಯಲ್ಲಿ, ಅವರು ಊಟ ಮುಗಿಸಿ ಕೈತೊಳೆದು ಕೂತಿದ್ದಾಗ. ಅವರು ಸುಳ್ಳು ಹೇಳುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ಎರಡೂ ಆಗಲಿಲ್ಲ.

"ತಂಗಿ, ನಿನ್ನ ಕಂಪ್ಯೂಟರ್ ಖರೇನ ಹೇಳಿತ್ತು," ಅಂದರು. "ಮಂದಿ ಏನರೆ ಅನ್ನಲಿ. ನಾ ನಂಬಿದ್ನಿ. ನಂಬಿದ್ನಿ ಅಂತನ ಮುಚ್ಚಿಸಿದ್ನಿ."

"ವಸ್ತಿಯಲ್ಲಿ ಆಳು ಮುಳುಗುವಷ್ಟು ನೀರು ಬರುತ್ತೆ ಅಂತಾನೂ ಹೇಳಿತ್ತಲ್ಲ," ಅಂದೆ.

"ಹೇಳಿತ್ತು. ಪ್ರತಿ ವರ್ಷಾ ಅವ್ರ ಸಾಲಿಗೆ ಹೋಗ್ತಿದ್ರು. ಈ ವರ್ಷಾನೂ ಹೋಗ್ತಾರ ಅನ್ಕೊಂಡ್ನಿ. ಬೀರಪ್ಪ ಸಾಯ್ತಾನ ಅಂತ ಅದ್ರಾಗ ಎಲ್ಲಿತ್ತು, ತೋರ್ಸು."

ಅವರು ಅಡಿಕೆ ಕತ್ತರಿಸುತ್ತ ಮುಂದುವರಿಸಿದರು. "ಅವ ಸಣ್ಣಂವ ಇದ್ದಾಗಿಂದ ನಮ್ಮ ಹೊಲದಾಗ ಬೆಳದಾಂವ. ನನಗ ಸಂಕಟ ಇಲ್ಲಂತ ತಿಳೀಬ್ಯಾಡ."

ಅಡುಗೆಮನೆಯ ಬಾಗಿಲಲ್ಲಿ ವೈನಿ ನಿಂತಿದ್ದರು. "ನಾಕ ವರ್ಷ ಕೂಸಿನಂಗ ಸಾಕೇವಿ ಆ ಬಳ್ಳಿ," ಅಂದರು. "ಬೇರಿಗೆ ನೀರ ನಿಂತ್ರ ಎಲ್ಲಾ ಹೋಗ್ತಿದ್ದವು." ಅವರ ಕಣ್ಣು ಒದ್ದೆಯಾಗಿದ್ದವು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಮರುವಾರ ಮನೆ ಬಿಟ್ಟು ಚಿಕ್ಕೋಡಿಗೆ, ಕಾಲೇಜಿನ ಹಾಸ್ಟೆಲಿಗೆ ಬಂದೆ. ಹೊರಡುವಾಗ ವೈನಿ ಕಡಕ್ ರೊಟ್ಟಿಯ ಗಂಟು, ಮೊಸರಿನ ಡಬ್ಬಿ ಕೊಟ್ಟರು. ಬೇಡ ಅನ್ನಬೇಕಿತ್ತು. ತೆಗೆದುಕೊಂಡೆ. ಈಗಲೂ ತಿಂಗಳಿಗೊಮ್ಮೆ ಬಸ್ಸಿನ ಡ್ರೈವರನ ಕೈಲಿ ಕಳಿಸುತ್ತಾರೆ, ಈಗಲೂ ತಿನ್ನುತ್ತೇನೆ. ಆ ರೊಟ್ಟಿ ಎಲ್ಲರ ಮನೆಯ ರೊಟ್ಟಿಗಿಂತ ಚೆನ್ನಾಗಿರುತ್ತದೆ.

ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಮಾಯವ್ವನನ್ನು ನೋಡಲು ಹೋದೆ. ಊರವರು ಬಹಳ ಮಂದಿ ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಿದ್ದರು, ಹಾದಿ ಖಾಲಿಯಿತ್ತು. ವಸ್ತಿಯಲ್ಲಿ ಅವಳಿರಲಿಲ್ಲ. ದ್ರಾಕ್ಷಿ ತೋಟದಲ್ಲಿದ್ದಳು. ಉಳಿದ ಹತ್ತೋ ಹನ್ನೆರಡೋ ಕುರಿಗಳಿಗೆ ಅಪ್ಪಾಸಾಹೇಬರ ಬಳ್ಳಿಗಳ ನಡುವೆ ಬಲೆ ಕಟ್ಟುತ್ತಿದ್ದಳು. ಬಳ್ಳಿಗಳಲ್ಲಿ ಹಸಿರು ಗೊಂಚಲು ತೂಗುತ್ತಿದ್ದವು.

"ಇಲ್ಲೇ ಯಾಕೆ ಮಾಯವ್ವ?" ಎಂದು ಕೇಳಿದೆ.

"ಮತ್ತೆಲ್ಲಿ ಕೂಡಸ್ಲಿ?" ಅಂದಳು. ನನ್ನನ್ನು ಯಕ್ಕಾ ಅನ್ನಲಿಲ್ಲ.

ದೂರು ಕೊಟ್ಟರೆ ನಾನು ಜೊತೆಗೆ ಬರುತ್ತೇನೆ, ಎಲ್ಲ ತೋರಿಸುತ್ತೇನೆ ಎಂದೆ. ಅವಳು ಗೂಟ ಬಡಿಯುವುದನ್ನು ನಿಲ್ಲಿಸಿ ನನ್ನತ್ತ ತಿರುಗಿದಳು.

"ಸಾಹುಕಾರ ಮೊದಲಿಂದ ಹಂಗ ಅದಾರ. ಅವ್ರ ಅಪ್ಪನೂ ಹಂಗ ಇದ್ದ. ನಮಗ ಗೊತ್ತೈತಿ. ಹೊಳಿ ಬಂದ್ರ ಯಾರ ಮಾತೂ ಕೇಳದ ಸಾಲಿಗೆ ಹೋಗತಿದ್ವಿ. ಈ ಸಲ ನೀವ ಹೇಳಿದ್ರಿ. ನೀವ ಹೊಸಬ್ರು, ಓದಿದವ್ರು, ನಮ್ಮ ಮನ್ಯಾಗ ಉಂಡವ್ರು. ನಿಮ್ಮ ಮಾತಿಗೆ ಕುಂತ್ವಿ."

ರಸ್ತೆ ಒಡೆದರೆ ಮಾತ್ರ ಎಂದಲ್ಲವೇ ನಾನು ಹೇಳಿದ್ದು ಎಂದು ಈಗ ಅನ್ನಬಹುದಿತ್ತು. ಅದು ಬಾಯಿಗೆ ಬಂತು. ಆಡಲಿಲ್ಲ. ಅವಳು ಮತ್ತೆ ಗೂಟ ಬಡಿಯತೊಡಗಿದಳು.

ಬೇಸಿಗೆ ರಜೆಗೆ ಊರಿಗೆ ಹೋದೆ. ನೆಂಟರು ಅಲ್ಲಿಯ ಜನ ಹೇಗೆ ಎಂದು ಕೇಳಿದರು. ಬಾಯಿ ತೆರೆದರೆ "ಛಲೋ ಅದಾರ" ಎಂದು ಬಂತು, ಚಿಕ್ಕಮ್ಮನ ಮಕ್ಕಳು ಬಿದ್ದು ಬಿದ್ದು ನಕ್ಕರು. ಮಾತಿನ ಧಾಟಿಯನ್ನು ಅಣಕಿಸಿ ಮನೆ ತುಂಬ ಓಡಾಡಿದರು. ಸ್ಟಾಫ್ ರೂಮಿನ ನಗುವಿಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಮ್ಮ ಮುದ್ದೆ, ಮಟನ್ ಸಾರು ಬಡಿಸಿದಳು. ಎರಡು ತುತ್ತಿಗೆ ಸಾಕಾಯಿತು. ಕೋಲಾರದ ಒಂದು ಕಾಲೇಜಿನಲ್ಲಿ ಜಾಗ ಖಾಲಿಯಿದೆ, ಅರ್ಜಿ ಹಾಕು ಎಂದು ಅಪ್ಪ ಹೇಳಿದರು. ಹಾಕಿದೆ. ಕರೆದರು. ಸೇರುವ ಮಾತು ಮಳೆಗಾಲದ ಮೇಲೆ ಎಂದು ಹೇಳಿ ಚಿಕ್ಕೋಡಿಗೆ ವಾಪಸ್ ಬಂದೆ.

ಈ ವರ್ಷ ನಾನು ಲೆಕ್ಕ ಮಾಡುವ ರೀತಿ ಬದಲಾಯಿಸಿದ್ದೇನೆ. ಯಾರು ಯಾವುದನ್ನು ಒಡೆಯುತ್ತೇನೆ ಎಂದರೂ ಒಡೆಯುವುದಿಲ್ಲ ಎಂದುಕೊಂಡು, ಎಲ್ಲ ಮೋರಿಗಳನ್ನೂ ಮುಚ್ಚುತ್ತಾರೆ ಎಂದುಕೊಂಡು ಓಡಿಸುತ್ತೇನೆ. ವಿದ್ಯಾರ್ಥಿಗಳು ಇದು ಸರಿಯಾದ ಲೆಕ್ಕವಲ್ಲ ಎನ್ನುತ್ತಾರೆ. ಸರಿಯೇ. ಯಂತ್ರಗಳು ಮಾತ್ರ ಏನೂ ಅನ್ನದೆ ಅದನ್ನೂ ಮಾಡುತ್ತವೆ.

ಹೊಳೆ ಏರುವ ಸುದ್ದಿ ಬಂದ ವಾರ, ಲೆಕ್ಕ ತೋರಿಸಲು ಸರಕಾರಿ ಕಚೇರಿಗೆ ಹೋಗುವ ಮೊದಲು ವಸ್ತಿಗೆ ಹೋದೆ. ಹತ್ತು ಜನ ಹೊರಗೆ ಬಂದು ನಿಂತರು. ಹಳ್ಳದ ದಂಡೆಯ ದೊಡ್ಡ ಕಲ್ಲಿಗೆ ನೀರು ಮುಟ್ಟಿದ ಕೂಡಲೇ ಶಾಲೆಗೆ ಹೊರಡಿ, ಯಾರು ಏನು ಹೇಳಿದರೂ ಕಾಯಬೇಡಿ, ನಾನು ಹೇಳಿದರೂ ಕಾಯಬೇಡಿ ಎಂದೆ. ಶಾಲೆಯ ಹಿಂದಿನ ಜಾಗದಲ್ಲಿ ಕುರಿ ಬಿಡಲು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದ್ದೆ, ಅದನ್ನೂ ಹೇಳಿದೆ. ಮಾಯವ್ವ ತನ್ನ ಬಾಗಿಲಿನಲ್ಲೇ ನಿಂತು ಕೇಳಿದಳು. ಉಳಿದವರು ಒಳಗೆ ಹೋದ ಮೇಲೆ, "ಈ ಸಲ ಎಲ್ಲಿ ಒಡೀತಾರಂತ?" ಎಂದು ಕೇಳಿದಳು.

"ಎಲ್ಲೂ ಒಡೆಯಲ್ಲ," ಅಂದೆ.

ಅವಳು ಅದನ್ನು ಒಪ್ಪಿಕೊಂಡಂತೆ ತಲೆಯಾಡಿಸಿದಳು.

ನನ್ನ ಫೋನ್ ಬಡಿದುಕೊಂಡಿತು. ಅಮ್ಮ. ಕೋಲಾರದ ಕಾಲೇಜಿನವರು ಕಡೆಯ ಸಲ ಕೇಳುತ್ತಿದ್ದಾರಂತೆ. "ಏನಂತ ಹೇಳ್ಲಿ ಸುಜಾತಾ? ಬರ್ತೀಯಾ, ಇಲ್ವಾ?" ಹೊಳೆ ಬರ್ತಾ ಇದೆ ಅಮ್ಮ, ಆಮೇಲೆ ಮಾತಾಡ್ತೀನಿ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೊಳೆ ಎಲ್ಲಿಗೆ ಬರುತ್ತೆ ಎಂದು ಕೇಳಿದಳು.

"ಬರ್ತೀನಿ ಮಾಯವ್ವ," ಎಂದು ಹೇಳಿ ಹೊರಟೆ. ನಮ್ಮ ಕಡೆಯೂ ಇಲ್ಲಿಯೂ ಹೊರಡುವವರು ಹೇಳುವುದು ಅದನ್ನೇ, ಉಳಿಯುವವರು "ಹೂಂ, ಬಾ" ಅನ್ನುತ್ತಾರೆ. ಅವಳು ಕುರಿಗಳ ಬಲೆ ಸುತ್ತುತ್ತಿದ್ದಳು. ನಾನು ರಸ್ತೆ ಹತ್ತುವವರೆಗೂ ಕಾದೆ. ಆ ಮಾತು ಬರಲಿಲ್ಲ.